ಪೊಲೀಸ್ ಇಲ್ಲದ ನ್ಯಾಯಾಲಯ: ಬಿ. ಎನ್. ರಾವ್ ಅವರ ಜೀವನದಿಂದ ನಮಗೆ ಪಾಠ

 

ಇವತ್ತು ಎರಡು ವಾಕ್ಯಭಾಗ ತೆಗೆದಿಟ್ಟುಕೊಳ್ಳಿ. ಒಂದು ವಿಮೋಚನಕಾಂಡ 18. ಇನ್ನೊಂದು ಆಮೋಸನ ಪುಸ್ತಕ, 1 ಮತ್ತು 2ನೇ ಅಧ್ಯಾಯ. ಬೈಬಲ್ ಆ್ಯಪ್ ಆದ್ರೂ ಪರವಾಗಿಲ್ಲ, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

ವಿಮೋಚನಕಾಂಡ 18ರಲ್ಲಿ ಮೋಶೆ ಬೆಳಗ್ಗಿನಿಂದ ಸಾಯಂಕಾಲದವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸ್ತಾ ಇದ್ದಾನೆ. ಅವನ ಮಾವ ಇತ್ರೋ ಬಂದು ನೋಡ್ತಾನೆ. ಇತ್ರೋ ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಯಾಜಕ. ಆದರೂ ನ್ಯಾಯಾಧಿಪತಿ ಹೇಗಿರಬೇಕು ಅಂತ ಮೋಶೆಗೆ ಕಲಿಸಿದ್ದು ಅವನೇ. ಸಮರ್ಥನಾಗಿರಬೇಕು, ದೇವರಿಗೆ ಹೆದರಬೇಕು, ನಂಬಿಗಸ್ತನಾಗಿರಬೇಕು, ಲಂಚವನ್ನು ಹಗೆಮಾಡಬೇಕು. ದೇವರು ತನ್ನ ಜನಕ್ಕೆ ಹೊರಗಿನವನ ಬಾಯಿಂದ ಪಾಠ ಹೇಳಿಸಿದ್ರು. ಮೋಶೆ ಕೇಳಿದ, ಹಾಗೆಯೇ ಮಾಡಿದ.

ಇದನ್ನು ಮೊದಲೇ ಯಾಕೆ ಹೇಳ್ತೇನೆ ಅಂದ್ರೆ, ಇವತ್ತು ನಾನು ಹೇಳಲಿಕ್ಕೆ ಹೊರಟಿರುವ ವ್ಯಕ್ತಿ ನಮ್ಮ ಸಭೆಯವರಲ್ಲ, ವಿಶ್ವಾಸಿಯೂ ಅಲ್ಲ. ನಮ್ಮ ಕರಾವಳಿಯ ಒಂದು ಸಾರಸ್ವತ ಮನೆತನದವರು. ಹೆಸರು ಬೆನಗಲ್ ನರಸಿಂಗ ರಾವ್, ಎಲ್ಲರೂ ಬಿ. ಎನ್. ರಾವ್ ಅಂತ ಕರೀತಾರೆ. ಸಂವಿಧಾನ ಅಂದ ಕೂಡಲೇ ಡಾಕ್ಟರ್ ಅಂಬೇಡ್ಕರ್ ಅವರ ನೆನಪಾಗ್ತದೆ, ಅದು ಸರಿಯೇ. ಆದರೆ ಮೊದಲ ಕರಡನ್ನು ತಯಾರು ಮಾಡಿಕೊಟ್ಟವರು ಈ ರಾವ್ ಅವರು. ಅಂಬೇಡ್ಕರ್ ಅವರೇ 1949ರ ನವೆಂಬರ್‌ನಲ್ಲಿ ಸಭೆಯಲ್ಲಿ ಎದ್ದು ನಿಂತು ಅದರ ಶ್ರೇಯಸ್ಸನ್ನು ಅವರಿಗೆ ಕೊಟ್ಟರು. ಆಮೇಲೆ ಇವರು ಯುದ್ಧ ಮತ್ತು ನ್ಯಾಯ ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗಕ್ಕೆ ಹೋದರು. ನನಗೆ ಇವತ್ತು ಬೇಕಾಗಿರುವುದು ಆ ಭಾಗ.

ಯಾಕೆ ಬೇಕು? 2025ರ ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿ. ಭಾರತ ಪಾಕಿಸ್ತಾನದ ನಡುವೆ ಕ್ಷಿಪಣಿ, ಡ್ರೋನ್ ಹಾರಿದ ಆ ನಾಲ್ಕು ದಿನ ಎಲ್ಲರ ಫೋನಿನಲ್ಲೂ ಸ್ಫೋಟದ ವಿಡಿಯೋ. ಕೆಲವು ಹಳೆಯದು, ಕೆಲವು ವಿಡಿಯೋ ಗೇಮಿನದ್ದು. ನಮ್ಮ ಮಕ್ಕಳೂ ಫಾರ್ವರ್ಡ್ ಮಾಡಿದ್ರು, ಕೆಳಗೆ ಬೆಂಕಿಯ ಎಮೋಜಿ ಹಾಕಿದ್ರು. ಗಾಜಾ, ಉಕ್ರೇನ್ ಸುದ್ದಿ ಬಂದಾಗ ಇನ್ನು ಕೆಲವರು ಮತ್ತಾಯ 24 ತೆಗೆದು ಅಂತ್ಯಕಾಲದ ಗುರುತು ಅಂತ ಸಂಭ್ರಮ ಪಡ್ತಾರೆ. ಪ್ರಿಯರೇ, ಗುರುತು ಇರಬಹುದು. ಆದರೆ ಸತ್ತವನ ಮನೆಯ ಮುಂದೆ ನಿಂತು ಚಪ್ಪಾಳೆ ತಟ್ಟಲಿಕ್ಕೆ ಯೇಸು ನಮಗೆ ಕಲಿಸಲಿಲ್ಲ.

ನಾನು ಕಾನೂನು ಓದಿದವನಲ್ಲ. ಆದರೆ ಯುದ್ಧಕ್ಕೂ ಕಾನೂನು ಉಂಟು ಅನ್ನುವುದು ನಮ್ಮ ಸತ್ಯವೇದಕ್ಕೆ ಹೊಸ ವಿಷಯವಲ್ಲ. ಪಟ್ಟಣಕ್ಕೆ ಮುತ್ತಿಗೆ ಹಾಕುವಾಗ ಹಣ್ಣಿನ ಮರ ಕಡಿಯಬೇಡ ಅಂತ ಧರ್ಮೋಪದೇಶಕಾಂಡ 20ರಲ್ಲೇ ಉಂಟು. ಈಗ ರಾವ್ ಅವರ ಕಥೆಗೆ ಬರೋಣ.

ಹುಟ್ಟಿದ್ದು 1887ರ ಫೆಬ್ರವರಿ 26. ಆಗ ಉಡುಪಿ ಜಿಲ್ಲೆ ಅಂತ ಇರಲಿಲ್ಲ, ಕಾಪು, ಕಾರ್ಕಳ, ಮಂಗಳೂರು ಎಲ್ಲಾ ಒಂದೇ ದಕ್ಷಿಣ ಕನ್ನಡ. ತಂದೆ ಡಾಕ್ಟರ್. ಓದಿದ್ದು ಮಂಗಳೂರಿನ ಕೆನರಾ ಹೈಸ್ಕೂಲ್, ಆಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು. ಐಸಿಎಸ್ ಪಾಸಾಗಿ ಬಂಗಾಳಕ್ಕೆ ಹೋದರು. ಒಬ್ಬ ತಮ್ಮ ರಾಮ ರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು, ಇನ್ನೊಬ್ಬ ತಮ್ಮ ಶಿವ ರಾವ್ ಪತ್ರಕರ್ತರು, ಸಂವಿಧಾನ ಸಭೆಯ ಸದಸ್ಯರು. ಅಂಥ ಮನೆ.

ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ಜಡ್ಜ್ ಆಗಿ, ಅಸ್ಸಾಮಿನಲ್ಲಿ ಸರ್ಕಾರದ ಕಾನೂನು ಅಧಿಕಾರಿಯಾಗಿ, ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯಾಗಿ ಕೆಲಸ ಮಾಡಿದರು. ಹಿಂದೂ ಕಾನೂನು ಸುಧಾರಣೆಯ ಸಮಿತಿಗೆ ಅಧ್ಯಕ್ಷರಾಗಿ ಹೆಣ್ಣುಮಕ್ಕಳ ಆಸ್ತಿಹಕ್ಕಿನ ಬಗ್ಗೆ ಕರಡು ಮಾಡಿದರು. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಹೆಣ್ಣುಮಕ್ಕಳು ಮೋಶೆಯ ಮುಂದೆ ಬಂದು ನಿಂತದ್ದು ನೆನಪುಂಟಲ್ಲ? ಅದೇ ಪ್ರಶ್ನೆ. 1946ರಲ್ಲಿ ಸಂವಿಧಾನ ಸಭೆಗೆ ಸಲಹೆಗಾರರಾದರು. 1947ರ ಅಕ್ಟೋಬರ್ ಹೊತ್ತಿಗೆ 243 ವಿಧಿಗಳ ಕರಡು ಸಿದ್ಧ. ಅವರು ಸಭೆಯ ಸದಸ್ಯರಲ್ಲ, ಅವರಿಗೆ ಮತ ಇರಲಿಲ್ಲ. ಭಾಷಣ ಮಾಡುವವರು ಬೇರೆ, ರಾತ್ರಿ ಕೂತು ಬರೆಯುವವರು ಬೇರೆ. ಸಭೆಯಲ್ಲಿ ಕೀಬೋರ್ಡ್ ನುಡಿಸುವವರು ಎಲ್ಲರಿಗೂ ಕಾಣ್ತಾರೆ, ಹಿಂದಿನ ದಿನ ಬಂದು ವೈರ್ ಜೋಡಿಸುವವರು ಕಾಣೋದಿಲ್ಲ. ದೇವರಿಗೆ ಕಾಣ್ತಾರೆ. ಆಮೆನ್?

ಆ ಸಂವಿಧಾನದ 51ನೇ ವಿಧಿಯನ್ನು ಮನೆಗೆ ಹೋಗಿ ಓದಿ. ಅಂತಾರಾಷ್ಟ್ರೀಯ ಶಾಂತಿಗಾಗಿ ದುಡಿಯಬೇಕು, ಅಂತಾರಾಷ್ಟ್ರೀಯ ಕಾನೂನಿಗೆ ಗೌರವ ಕೊಡಬೇಕು ಅಂತ ಭಾರತ ಅಲ್ಲಿ ತನಗೆ ತಾನೇ ಹೇಳಿಕೊಂಡಿದೆ.

ಈಗ ಎರಡನೇ ಮಹಾಯುದ್ಧ ಮುಗಿದ ಕಾಲ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆದಿತ್ತು. ಅಲ್ಲಿ ಹಲವರು ಹೇಳಿದ್ದು ಒಂದೇ ಮಾತು, ಮೇಲಿನಿಂದ ಆಜ್ಞೆ ಬಂತು, ನಾವು ಮಾಡಿದೆವು. ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಕಾನೂನು ಆಯೋಗ ಅಂತ ಒಂದನ್ನು ಮಾಡಿತು. 1949ರಲ್ಲಿ ಅದು ಕೆಲಸ ಶುರು ಮಾಡಿದಾಗ ಅದರ ಮೊದಲ ಸದಸ್ಯರಲ್ಲಿ ನಮ್ಮ ರಾವ್ ಅವರೂ ಒಬ್ಬರು. ಆ ಆಯೋಗ 1950ರಲ್ಲಿ ನ್ಯೂರೆಂಬರ್ಗ್‌ನಿಂದ ಕಲಿತದ್ದನ್ನು ಏಳು ತತ್ವಗಳಾಗಿ ಬರೆದಿಟ್ಟಿತು. ಯುದ್ಧದಲ್ಲಿ ಅಪರಾಧ ಮಾಡಿದವನು ವ್ಯಕ್ತಿಯಾಗಿ ಉತ್ತರ ಕೊಡಬೇಕು. ರಾಷ್ಟ್ರದ ಮುಖ್ಯಸ್ಥನಾದರೂ ಬಿಡುಗಡೆ ಇಲ್ಲ. ಬೇರೆ ದಾರಿ ಆರಿಸಿಕೊಳ್ಳಲಿಕ್ಕೆ ಸಾಧ್ಯವಿದ್ದರೆ, ಮೇಲಧಿಕಾರಿ ಹೇಳಿದ ಅನ್ನುವ ನೆಪ ನಡೆಯುವುದಿಲ್ಲ.

ಇದನ್ನು ಓದಿದಾಗ ನನಗೆ 1 ಸಮುವೇಲ 22 ನೆನಪಾಯಿತು. ದಾವೀದನಿಗೆ ರೊಟ್ಟಿ ಕೊಟ್ಟರು ಅನ್ನುವ ಕಾರಣಕ್ಕೆ ನೋಬ್ ಊರಿನ ಯಾಜಕರನ್ನು ಕೊಲ್ಲಿ ಅಂತ ಸೌಲ ಅಪ್ಪಣೆ ಕೊಡ್ತಾನೆ. ಸುತ್ತ ನಿಂತಿದ್ದ ಕಾವಲಿನವರು ಕೈ ಎತ್ತಲಿಲ್ಲ. ಅರಸನೇ ಹೇಳಿದ್ದು, ಕತ್ತಿ ಸೊಂಟದಲ್ಲೇ ಉಂಟು, ಆದರೂ ಎತ್ತಲಿಲ್ಲ. ಎದೋಮ್ಯನಾದ ದೋಯೇಗ ಮುಂದೆ ಬಂದ. ಆ ದಿನ 85 ಯಾಜಕರು ಸತ್ತರು, ಆಮೇಲೆ ಊರಿನ ಹೆಂಗಸರು, ಮಕ್ಕಳು. ಅಪ್ಪಣೆ ಕೇಳಿದ್ದು ಇಬ್ಬರೂ. ಒಬ್ಬರು ದೇವರಿಗೆ ಹೆದರಿದರು, ಒಬ್ಬ ಅರಸನಿಗೆ ಹೆದರಿದ. ನ್ಯೂರೆಂಬರ್ಗಿನ ಪ್ರಶ್ನೆಯನ್ನು ಸತ್ಯವೇದ ಅಷ್ಟು ಹಿಂದೆಯೇ ಕೇಳಿದೆ. ನಿಮಗೆ ಯಾರೂ ಕತ್ತಿ ಕೊಡಲಿಕ್ಕಿಲ್ಲ. ಆದರೆ ಆಫೀಸಿನಲ್ಲಿ ಸುಳ್ಳು ಲೆಕ್ಕಕ್ಕೆ ಸೈನ್ ಹಾಕು ಅಂತ ಮ್ಯಾನೇಜರ್ ಹೇಳಬಹುದು. ಆಗ ನೀವು ಕಾವಲಿನವರೋ, ದೋಯೇಗನೋ?

ಮುಂದೆ ಹೋಗೋಣ. ರಾವ್ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. ಭದ್ರತಾ ಮಂಡಳಿಯ ಅಧ್ಯಕ್ಷತೆ ತಿಂಗಳಿಗೊಂದು ದೇಶಕ್ಕೆ ಬರ್ತದೆ. 1950ರ ಜೂನ್ ಭಾರತದ್ದು. ಜೂನ್ 25, ಭಾನುವಾರ, ಉತ್ತರ ಕೊರಿಯಾ ಸೇನೆ 38ನೇ ಅಕ್ಷಾಂಶ ದಾಟಿ ದಕ್ಷಿಣಕ್ಕೆ ನುಗ್ಗಿತು. ಅದೇ ದಿನ ಮಂಡಳಿ ಸೇರಿತು, ಅಧ್ಯಕ್ಷರ ಕುರ್ಚಿಯಲ್ಲಿ ರಾವ್. ಆಕ್ರಮಣ ನಿಲ್ಲಿಸಿ, ಹಿಂದೆ ಹೋಗಿ ಅನ್ನುವ ನಿರ್ಣಯಕ್ಕೆ ಭಾರತ ಮತ ಕೊಟ್ಟಿತು. ತಪ್ಪನ್ನು ತಪ್ಪು ಅಂದರು. ಶಾಂತಿ ಮಾಡುವವನು ಅಂದ್ರೆ ಯಾರಿಗೂ ಏನೂ ಹೇಳದೆ ನಗುತ್ತಾ ಇರುವವನು ಅಲ್ಲ.

ಎರಡು ದಿನ ಬಿಟ್ಟು ಇನ್ನೊಂದು ನಿರ್ಣಯ ಬಂತು, ದಕ್ಷಿಣ ಕೊರಿಯಾಕ್ಕೆ ಸೇನಾ ಸಹಾಯ ಕೊಡಬೇಕು ಅಂತ. ದೆಹಲಿಯಿಂದ ಸೂಚನೆ ಇನ್ನೂ ಬಂದಿರಲಿಲ್ಲ. ಭಾರತ ಆ ದಿನ ಮತದಾನದಲ್ಲಿ ಭಾಗವಹಿಸಲಿಲ್ಲ. ಇಡೀ ಜಗತ್ತು ನೋಡ್ತಾ ಇದೆ, ಅಧ್ಯಕ್ಷನೇ ಸುಮ್ಮನೆ ಕೂತಿದ್ದಾನೆ! ಎಷ್ಟು ಮುಜುಗರ. ಆದರೆ ತನಗೆ ಕೊಡದ ಅಧಿಕಾರವನ್ನು ಅವರು ತೆಗೆದುಕೊಳ್ಳಲಿಲ್ಲ. ನಾವಾದರೆ ಒಂದು ಘಟನೆ ಆಗಿ ಹತ್ತು ನಿಮಿಷದಲ್ಲಿ ಸ್ಟೇಟಸ್ ಹಾಕ್ತೇವೆ.

ಆಮೇಲೆ ಭಾರತ ಕೊರಿಯಾಕ್ಕೆ ಯುದ್ಧ ಮಾಡುವ ಸೈನಿಕರನ್ನು ಕಳಿಸಲಿಲ್ಲ, ವೈದ್ಯರನ್ನು ಕಳಿಸಿತು. 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ನೇತೃತ್ವದಲ್ಲಿ. ಗಾಯಾಳುವಿನ ಸಮವಸ್ತ್ರ ನೋಡಬೇಡ, ಗಾಯ ನೋಡು ಅನ್ನುವುದು ಜಿನೀವಾ ಒಪ್ಪಂದದ ಬುಡ. ಆ ವಿಚಾರವನ್ನು ಜಗತ್ತಿಗೆ ಕೊಟ್ಟವನು ಸ್ವಿಟ್ಜರ್ಲೆಂಡಿನ ಹೆನ್ರಿ ಡ್ಯುನಾಂಟ್. ಅವನು ನಮ್ಮ ಹಾಗೆ ಸತ್ಯವೇದ ಹಿಡಿದು ಬೆಳೆದ ಯುವಕ, ಜಿನೀವಾದಲ್ಲಿ ವೈಎಂಸಿಎ ಕೆಲಸ ಮಾಡ್ತಿದ್ದವನು. 1859ರಲ್ಲಿ ಇಟಲಿಯ ಸೊಲ್ಫೆರಿನೋದಲ್ಲಿ ಯುದ್ಧ ಮುಗಿದ ಮೇಲೆ ಸಾವಿರಾರು ಗಾಯಾಳುಗಳು ಬಿದ್ದಿರುವುದನ್ನು ನೋಡಿ ಊರಿನ ಹೆಂಗಸರನ್ನು ಸೇರಿಸಿಕೊಂಡು ಎರಡೂ ಕಡೆಯವರಿಗೆ ನೀರು ಕೊಟ್ಟ. ಅದರಿಂದ ರೆಡ್‌ಕ್ರಾಸ್, ಅದರಿಂದ 1864ರ ಮೊದಲ ಜಿನೀವಾ ಒಪ್ಪಂದ. 1949ರಲ್ಲಿ ಅದು ನಾಲ್ಕು ಒಪ್ಪಂದಗಳಾಯಿತು: ನೆಲದ ಮೇಲಿನ ಗಾಯಾಳು, ಸಮುದ್ರದಲ್ಲಿ ಮುಳುಗಿದವರು, ಯುದ್ಧಕೈದಿಗಳು, ಸಾಮಾನ್ಯ ಜನ. ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಸರ್ಕಾರಗಳು ಸಹಿ ಹಾಕಿ ಒಪ್ಪಿಕೊಂಡ ಹಾಗೆ.

1950ರ ಡಿಸೆಂಬರ್ ಹೊತ್ತಿಗೆ ಚೀನಾ ಸೇನೆಯೂ ಕೊರಿಯಾಕ್ಕೆ ಬಂದಿತ್ತು. ಮೂರನೇ ಮಹಾಯುದ್ಧ ಆಗ್ತದೋ ಅನ್ನುವ ಭಯ. ಕದನ ನಿಲ್ಲಿಸುವ ದಾರಿ ಹುಡುಕಲಿಕ್ಕೆ ವಿಶ್ವಸಂಸ್ಥೆ ಮೂರು ಜನರ ಒಂದು ಗುಂಪು ಮಾಡಿತು: ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ಬಿ. ಎನ್. ರಾವ್. ಅವರು ಪ್ರಸ್ತಾಪ ಕಳಿಸಿದರು, ಚೀನಾ ಒಪ್ಪಲಿಲ್ಲ. 1951ರ ಫೆಬ್ರವರಿಯಲ್ಲಿ ಚೀನಾವನ್ನು ಆಕ್ರಮಣಕಾರ ಅಂತ ಘೋಷಿಸುವ ನಿರ್ಣಯ ಬಂದಾಗ, ಮಾತುಕತೆಯ ಬಾಗಿಲು ಮುಚ್ಚಬಾರದು ಅಂತ ಭಾರತ ವಿರೋಧವಾಗಿ ಮತ ಹಾಕಿತು. ಅಮೆರಿಕಕ್ಕೆ ಅದು ಹಿಡಿಸಲಿಲ್ಲ. ಮಧ್ಯದಲ್ಲಿ ನಿಂತವನಿಗೆ ಎರಡೂ ಕಡೆಯಿಂದ ಕಲ್ಲು. ಮನೆಯಲ್ಲಿ ಅಣ್ಣ ತಮ್ಮಂದಿರ ಜಾಗದ ಗಲಾಟೆಯಲ್ಲಿ ಮಧ್ಯೆ ಹೋದವರಿಗೆ ಇದು ಚೆನ್ನಾಗಿ ಗೊತ್ತುಂಟು.

ಮನುಷ್ಯರ ಲೆಕ್ಕದಲ್ಲಿ ಅದು ಸೋಲು. ಯುದ್ಧ ಇನ್ನೂ ಎರಡೂವರೆ ವರ್ಷ ನಡೆಯಿತು. ರಾವ್ ಅವರು 1952ರಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರಕ್ಕೆ ಹೋದರು, ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ. ಭಾರತದಿಂದ ಆ ಪೀಠಕ್ಕೆ ಹೋದ ಮೊದಲನೆಯವರು. ಅಲ್ಲಿ 15 ನ್ಯಾಯಾಧೀಶರು, 9 ವರ್ಷದ ಅವಧಿ. ಅಲ್ಲಿ ನಾನು, ನೀವು ಕೇಸ್ ಹಾಕಲಿಕ್ಕೆ ಆಗುವುದಿಲ್ಲ, ದೇಶ ದೇಶದ ಮೇಲೆ ಹಾಕಬೇಕು, ಎರಡೂ ದೇಶ ಒಪ್ಪಿರಬೇಕು. ವ್ಯಕ್ತಿಗಳನ್ನು ವಿಚಾರಿಸುವ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಅಂತ ಇನ್ನೊಂದು ಉಂಟು, ಅದೂ ಹೇಗ್‌ನಲ್ಲೇ, ಆದರೆ ಅದು ಶುರುವಾದದ್ದು 2002ರಲ್ಲಿ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ರಾವ್ ಹೋದ ವರ್ಷವೇ ಒಂದು ದೊಡ್ಡ ಕೇಸ್. ಇರಾನ್ ತನ್ನ ಎಣ್ಣೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿತ್ತು, ಬ್ರಿಟನ್ ಕೋರ್ಟಿಗೆ ಹೋಗಿತ್ತು. ಇದೇ ವಿಷಯ ಭದ್ರತಾ ಮಂಡಳಿಗೆ ಬಂದಾಗ ರಾವ್ ಅಲ್ಲಿ ಭಾರತದ ಪರವಾಗಿ ಕೂತಿದ್ದರು. ಹಾಗಾಗಿ ತಾನು ಈ ಕೇಸಿನಲ್ಲಿ ಕೂರುವುದು ಸರಿಯಲ್ಲ ಅಂತ ಎದ್ದು ಹೊರಗೆ ಉಳಿದರು. ಅದೇ ಕೇಸಿನಲ್ಲಿ ಬ್ರಿಟಿಷ್ ನ್ಯಾಯಾಧೀಶ ಮೆಕ್‌ನೇರ್ ಏನು ಮಾಡಿದರು ಗೊತ್ತುಂಟಾ? ಈ ಕೇಸ್ ಕೇಳುವ ಅಧಿಕಾರ ನಮ್ಮ ಕೋರ್ಟಿಗಿಲ್ಲ ಅಂತ, ತನ್ನದೇ ದೇಶದ ವಾದಕ್ಕೆ ವಿರುದ್ಧವಾಗಿ ಮತ ಕೊಟ್ಟರು. 1952ರ ಜುಲೈ 22ರಂದು ಬ್ರಿಟನ್ ಸೋತಿತು.

ಈಗ ಆಮೋಸ 1 ತೆಗೆಯಿರಿ. ದಮಸ್ಕದ ಪಾಪ ಏನು? ಗಿಲ್ಯಾದನ್ನು ಕಬ್ಬಿಣದ ಹಂತಿಯಿಂದ ತುಳಿದದ್ದು. ಗಾಜಾದ ಪಾಪ? ಊರಿಗೆ ಊರನ್ನೇ ಸೆರೆಹಿಡಿದು ಮಾರಿದ್ದು. ಅಮ್ಮೋನ್? ಬಸುರಿ ಹೆಂಗಸರನ್ನು ಸೀಳಿದ್ದು. ಮೋವಾಬ್? ಎದೋಮಿನ ಅರಸನ ಎಲುಬನ್ನು ಸುಟ್ಟದ್ದು. ಇವೆಲ್ಲ ಇವತ್ತಿನ ಭಾಷೆಯಲ್ಲಿ ಯುದ್ಧಾಪರಾಧಗಳು. ಮೋವಾಬಿನದ್ದು ಗಮನಿಸಿ, ಅದು ಇಸ್ರಾಯೇಲಿಗೆ ಮಾಡಿದ್ದೇ ಅಲ್ಲ. ಶತ್ರು ಶತ್ರುವಿಗೆ ಮಾಡಿದ್ದನ್ನೂ ದೇವರು ಬರೆದಿಟ್ಟುಕೊಂಡಿದ್ದಾರೆ. ಕೇಳುತ್ತಿದ್ದ ಇಸ್ರಾಯೇಲ್ಯರು ಪ್ರತಿ ಹೆಸರಿಗೂ ತಲೆ ಆಡಿಸಿರಬೇಕು. ಕೊನೆಗೆ ಅದೇ ಅಳತೆಗೋಲು ಯೆಹೂದಕ್ಕೆ, ಆಮೇಲೆ ಇಸ್ರಾಯೇಲಿಗೆ. ನಮ್ಮವರು ಅನ್ನುವ ರಿಯಾಯಿತಿ ದೇವರ ಕೋರ್ಟಿನಲ್ಲಿ ಇಲ್ಲ. ಹಲ್ಲೆಲೂಯಾ.

ಯುವಜನರ ಕೂಟದಲ್ಲಿ ನನಗೆ ಬರುವ ಪ್ರಶ್ನೆ ಇದು: ಪಾಸ್ಟರ್, ಆ ಕೋರ್ಟಿಗೆ ಪೊಲೀಸ್ ಇಲ್ಲ, ದೊಡ್ಡ ದೇಶಗಳು ಕೇಳೋದಿಲ್ಲ, ಮತ್ತೆ ಏನು ಪ್ರಯೋಜನ? ಪ್ರಶ್ನೆ ನ್ಯಾಯವಾದದ್ದು. ಆ ಕೋರ್ಟಿನ ಮೊದಲ ದೊಡ್ಡ ಕೇಸನ್ನೇ ನೋಡಿ. 1946ರಲ್ಲಿ ಅಲ್ಬೇನಿಯಾದ ಹತ್ತಿರ ಕಾರ್ಫು ಕಾಲುವೆಯಲ್ಲಿ ಮೈನ್ ಸ್ಫೋಟವಾಗಿ 44 ಬ್ರಿಟಿಷ್ ನಾವಿಕರು ಸತ್ತರು. ಅಪಾಯ ಗೊತ್ತಿದ್ದೂ ಎಚ್ಚರಿಸದ್ದು ತಪ್ಪು ಅಂತ 1949ರಲ್ಲಿ ಕೋರ್ಟು ಹೇಳಿತು. ಆಮೇಲೆ ಒಪ್ಪಿಗೆ ಇಲ್ಲದೆ ಅಲ್ಲಿ ಮೈನ್ ತೆಗೆಯಲಿಕ್ಕೆ ಹೋದ ಬ್ರಿಟನ್ ಮಾಡಿದ್ದೂ ತಪ್ಪು ಅಂತ ಹೇಳಿತು. ಪರಿಹಾರದ ಹಣ ಬಂದದ್ದು ಯಾವಾಗ? 1990ರ ದಶಕದಲ್ಲಿ. ನಾವಿಕರ ತಾಯಂದಿರು ಅಷ್ಟರೊಳಗೆ ತೀರಿಹೋಗಿರಬೇಕು. ಇದನ್ನು ನಾನು ಮುಚ್ಚಿಡುವುದಿಲ್ಲ. ಮನುಷ್ಯರ ನ್ಯಾಯ ತಡವಾಗ್ತದೆ, ಕುಂಟುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ.

ಆದರೆ ನಮ್ಮ ಶಂಕರಪುರದ ಮಲ್ಲಿಗೆಯನ್ನು ನೋಡಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ದರ ಕಟ್ಟೆಯಲ್ಲಿ ನಿರ್ಧಾರ ಆಗ್ತದೆ, ಮಂಗಳೂರಿನವರೂ ಅದನ್ನೇ ಕೇಳ್ತಾರೆ. ಚೆಂಡಿನ ಹೂ ಎಣಿಸಲಿಕ್ಕೆ ಪ್ರತಿ ಮನೆಯಲ್ಲಿ ಪೊಲೀಸ್ ಇದ್ದಾನಾ? ಇಲ್ಲ ಮಾರಾಯ್ರೆ. ಒಮ್ಮೊಮ್ಮೆ ಯಾರಾದರೂ ಕಡಿಮೆ ಕಟ್ಟಬಹುದು. ಆದರೆ ಅದು ಕಡಿಮೆ ಅಂತ ಹೇಳಲಿಕ್ಕೆ ಆಗುವುದೇ ಲೆಕ್ಕ ಅಂತ ಒಂದು ಇರುವುದರಿಂದ. ಜಗತ್ತಿನ ಕಾನೂನು ಕೂಡ ಹಾಗೆ. ಆಸ್ಪತ್ರೆಗೆ ಬಾಂಬ್ ಬಿದ್ದಾಗ ಹಾಕಿದವನು ಸುಳ್ಳಾದರೂ ಒಂದು ನೆಪ ಹೇಳ್ತಾನೆ. ಯಾಕೆ? ಅದು ತಪ್ಪು ಅಂತ ಅವನಿಗೂ ಗೊತ್ತುಂಟು. ಕಾನೂನೇ ಇಲ್ಲದಿದ್ದರೆ ನೆಪವೂ ಬೇಕಾಗುತ್ತಿರಲಿಲ್ಲ.

ಇನ್ನು ಕಥೆಯ ಕೊನೆ. ಕೊರಿಯಾದಲ್ಲಿ ಮಾತುಕತೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸಿಕ್ಕಿಕೊಂಡದ್ದು ಯುದ್ಧಕೈದಿಗಳ ವಿಷಯದಲ್ಲಿ. ಯುದ್ಧ ನಿಂತ ಕೂಡಲೇ ಕೈದಿಗಳನ್ನು ಊರಿಗೆ ಕಳಿಸಬೇಕು ಅಂತ ಜಿನೀವಾ ಒಪ್ಪಂದ. ಆದರೆ ಸಾವಿರಾರು ಜನ ಹೋಗುವುದಿಲ್ಲ ಅಂದರು. ಏನು ಮಾಡುವುದು? ಕೊನೆಗೆ 1953ರ ಜುಲೈ 27ರಂದು ಕದನ ನಿಂತಿತು. ಮನೆಗೆ ಹೋಗಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳನ್ನು ಭಾರತದ ಸೈನಿಕರ ಕೈಗೆ ಕೊಟ್ಟರು. ಆ ತಟಸ್ಥ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಭಾರತೀಯರು ಎರಡೂ ಕಡೆಯ ಕೈದಿಗಳನ್ನು ಕಾದರು, ಅನ್ನ ಕೊಟ್ಟರು. 2 ಅರಸು 6ರಲ್ಲಿ ಎಲೀಷ ಮಾಡಿದ್ದೂ ಇದನ್ನೇ. ಕೈಗೆ ಸಿಕ್ಕಿದ ಅರಾಮ್ಯ ಸೈನಿಕರನ್ನು ಕೊಲ್ಲಲಾ ಅಂತ ಅರಸ ಕೇಳಿದಾಗ, ಊಟ ಹಾಕಿ ಮನೆಗೆ ಕಳಿಸು ಅಂದ. ಆಮೇಲೆ ಆ ಸುಲಿಗೆಯ ಗುಂಪುಗಳು ಬರುವುದು ನಿಂತಿತು.

ತಿಮ್ಮಯ್ಯನವರು ಕೊರಿಯಾದಲ್ಲಿ ಆ ಕೆಲಸದಲ್ಲಿ ಇರುವಾಗಲೇ, 1953ರ ನವೆಂಬರ್ 30ರಂದು, ರಾವ್ ಅವರು ಜ್ಯೂರಿಕ್‌ನಲ್ಲಿ ತೀರಿಕೊಂಡರು. ವಯಸ್ಸು 66. ಒಂಬತ್ತು ವರ್ಷದ ಅವಧಿಯಲ್ಲಿ ಎರಡು ವರ್ಷವೂ ತುಂಬಲಿಲ್ಲ. ಮೂರು ವರ್ಷ ಹಿಂದೆ ಅವರ ಕೈಯಲ್ಲಿ ಆಗದೆ ಉಳಿದ ಕದನವಿರಾಮ ಬೇರೆಯವರ ಕೈಯಲ್ಲಿ ಆಗಿತ್ತು. ದಾವೀದ ಕಲ್ಲು, ಮರ, ಚಿನ್ನ ಕೂಡಿಟ್ಟ, ಆಲಯ ಕಟ್ಟಿದ್ದು ಸೊಲೊಮೋನ. ದೇವರ ಲೆಕ್ಕದಲ್ಲಿ ಕೂಡಿಟ್ಟವನ ಪಾಲು ಹೋಗುವುದಿಲ್ಲ.

ಪ್ರಿಯರೇ, ನಮ್ಮ ನಿರೀಕ್ಷೆ ಹೇಗ್‌ನಲ್ಲಿ ಇಲ್ಲ. ಯೆಶಾಯ 2ರಲ್ಲಿ ಜನಾಂಗಗಳ ನಡುವೆ ನ್ಯಾಯತೀರಿಸುವವನು ಕರ್ತನೇ, ಆಗ ಕತ್ತಿಗಳು ನೇಗಿಲ ಗುಳಗಳಾಗುತ್ತವೆ. ಆ ನ್ಯಾಯಾಧಿಪತಿ ಒಮ್ಮೆ ಪಿಲಾತನ ಮುಂದೆ ಅನ್ಯಾಯದ ತೀರ್ಪು ಹೊತ್ತು ನಿಂತವನು. ಅನ್ಯಾಯ ಅಂದ್ರೆ ಏನು ಅಂತ ಆತನಿಗೆ ಮೈಯಲ್ಲೇ ಗೊತ್ತುಂಟು. ಆದರೆ ಆತ ಬರುವವರೆಗೆ ಕೈಕಟ್ಟಿ ಕೂರಿ ಅಂತ ವಾಕ್ಯ ಹೇಳುವುದಿಲ್ಲ. ಹೊರಗಿನವರಾದ ರಾವ್ ಅವರು ಇಷ್ಟು ಮಾಡಿದರೆ, ಸಮಾಧಾನದ ಪ್ರಭುವಿನ ಮಕ್ಕಳು ಅಂತ ಹೇಳಿಕೊಳ್ಳುವ ನಾವು ಎಷ್ಟು ಮಾಡಬೇಕು?

ನಮ್ಮ ಮನೆಗಳಿಂದಲೂ ಸೇನೆಗೆ ಹೋದವರಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ. ದೇಶ ಕಾಯುವುದು ಪಾಪ ಅಂತ ನಾನು ಹೇಳಲಿಲ್ಲ. ಈ ವಾರ ಮೂರು ಕೆಲಸ ಕೊಡ್ತೇನೆ. ಒಂದು, ಯಾರ ಸಾವಿನ ವಿಡಿಯೋವನ್ನೂ ಖುಷಿಯಿಂದ ಫಾರ್ವರ್ಡ್ ಮಾಡಬೇಡಿ, ಅವನು ಯಾವ ದೇಶದವನೇ ಆಗಲಿ. ಎರಡು, ಒಂದು ಯುದ್ಧದ ಎರಡೂ ಕಡೆಯ ಜನರ ಹೆಸರು ಹಿಡಿದು ಪ್ರಾರ್ಥನೆ ಮಾಡಿ, ನಿಮಗೆ ಇಷ್ಟವಾದ ಕಡೆಗೆ ಮಾತ್ರ ಅಲ್ಲ. ಮೂರು, ಲಾ ಓದುವ, ನರ್ಸಿಂಗ್ ಓದುವ ಮಕ್ಕಳೇ, ನಿಮ್ಮ ಓದು ಸಂಬಳಕ್ಕೆ ಮಾತ್ರವಾ ಅಂತ ದೇವರ ಸನ್ನಿಧಿಯಲ್ಲಿ ಕೇಳಿ. ಕೆನರಾ ಹೈಸ್ಕೂಲಿನಿಂದ ಹೇಗ್‌ಗೆ ದಾರಿ ಇತ್ತು. ಶಂಕರಪುರದಿಂದಲೂ ಉಂಟು.

ಕಣ್ಣು ಮುಚ್ಚೋಣ, ಪ್ರಾರ್ಥಿಸೋಣ. ಸರ್ವಲೋಕಕ್ಕೆ ನ್ಯಾಯತೀರಿಸುವ ತಂದೆಯೇ, ನಮ್ಮ ಅಳತೆಗೋಲನ್ನು ಸರಿಮಾಡು. ಯುದ್ಧದಲ್ಲಿ ಸಿಕ್ಕಿಕೊಂಡ ತಾಯಂದಿರನ್ನು, ಮಕ್ಕಳನ್ನು, ಕೈದಿಗಳನ್ನು ಕಾಪಾಡು. ಕುರ್ಚಿಯಲ್ಲಿ ಕೂತವರಿಗೆ ನಿನ್ನ ಭಯ ಕೊಡು. ನಮ್ಮ ಕೈಯಿಂದ ಸಮಾಧಾನದ ಕೆಲಸ ಮಾಡಿಸು, ಮುಗಿಸುವವರು ನಾವಲ್ಲದಿದ್ದರೂ ಸರಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.